ಗಡ್ಡೆ ಒಂದು ಕಡೆ, ಪೆಟ್ಟು ಹಲವು ಕಡೆ: ಮಿದುಳಿನ ಸಂಪರ್ಕಜಾಲವನ್ನು ಟ್ಯೂಮರ್ ಕೆಡಿಸುವ ಬಗೆ

ಮಿದುಳಿನಲ್ಲಿ ಗಡ್ಡೆ ಇದೆಯೆಂದು ಎಂಆರ್‌ಐ ವರದಿ ಬಂದ ದಿನ ಮನೆಯವರು ವೈದ್ಯರನ್ನು ಕೇಳುವುದು ಹೆಚ್ಚಾಗಿ ಮೂರು ಪ್ರಶ್ನೆ: ಎಷ್ಟು ದೊಡ್ಡದು, ಎಲ್ಲಿದೆ, ತೆಗೆಯಲು ಆಗುತ್ತದೆಯೇ. ಮೂರೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ರೋಗಿ ಮುಂದೆ ತನ್ನ ಕೆಲಸಕ್ಕೆ ಮರಳುತ್ತಾನೆಯೇ, ಮನೆಯ ಖರ್ಚುವೆಚ್ಚ ನೋಡಿಕೊಳ್ಳುತ್ತಾನೆಯೇ, ನಾಲ್ಕು ಜನರ ಮಾತಿನ ನಡುವೆ ತನ್ನ ಮಾತಿನ ಎಳೆಯನ್ನು ಹಿಡಿದಿಟ್ಟುಕೊಳ್ಳುತ್ತಾನೆಯೇ ಎಂಬುದಕ್ಕೆ ಈ ಮೂರರ ಉತ್ತರ ಸಾಲುವುದಿಲ್ಲ. ಕಳೆದ ಎರಡು ದಶಕಗಳ ಸಂಶೋಧನೆ ಮತ್ತೆ ಮತ್ತೆ ತೋರಿಸಿರುವಂತೆ, ಗಡ್ಡೆ ಕುಳಿತ ಜಾಗದಷ್ಟೇ ಮುಖ್ಯವಾದದ್ದು ಆ ಜಾಗದ ಮೂಲಕ ಹಾದುಹೋಗುವ ಸಂಪರ್ಕಗಳ ಗತಿ. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ಸ್ಕ್ಯಾನಿಂಗ್ ಸೌಲಭ್ಯ ಬಂದಷ್ಟು ಬೇಗ ಈ ತಿಳಿವಳಿಕೆ ಬಂದಿಲ್ಲ. ಅದರ ಬೆಲೆಯನ್ನು ರೋಗಿಯೂ ಮನೆಯವರೂ ತೆರುತ್ತಿದ್ದಾರೆ ಎಂಬುದು ಈ ಲೇಖನದ ವಾದ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಒಬ್ಬನನ್ನು ಊಹಿಸಿಕೊಳ್ಳೋಣ. ಬಲಬದಿಯ ಮುಂಭಾಗದಲ್ಲಿ ನಿಧಾನವಾಗಿ ಬೆಳೆಯುವ ಗಡ್ಡೆ. ಮಾತಿಗೆ ತೊಂದರೆಯಿಲ್ಲ, ಕೈಕಾಲಿಗೆ ಬಲವಿದೆ. ಡಿಸೆಂಬರ್ ತಿಂಗಳ ಕೊಯ್ಲಿನಲ್ಲಿ ಅವನ ಕೆಲಸವೆಂದರೆ ಹಾಜರಿ ಬರೆಯುವುದು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂದು ತೂಕ ನೋಡುವುದು, ಅದೇ ಹೊತ್ತಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸುವುದು, ನಡುವೆ ಸಾಹುಕಾರರ ಫೋನಿಗೆ ಉತ್ತರ ಕೊಡುವುದು, ವಾರದ ಕೊನೆಗೆ ಮುಂಗಡ ಕಳೆದು ಬಟವಾಡೆ ಮಾಡುವುದು. ಒಂದೊಂದನ್ನೇ ಬಿಡಿಯಾಗಿ ಕೊಟ್ಟರೆ ಅವನು ಈಗಲೂ ಮಾಡಬಲ್ಲ. ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸಿ ಮತ್ತೆ ಬಿಟ್ಟ ಜಾಗಕ್ಕೇ ಬರಬೇಕಾದಾಗ ತಪ್ಪುತ್ತದೆ. ಒಬ್ಬಳ ತೂಕ ಇನ್ನೊಬ್ಬಳ ಹೆಸರಿಗೆ ಹೋಗುತ್ತದೆ, ಮುಂಗಡ ಎರಡು ಸಲ ಕಡಿತವಾಗುತ್ತದೆ. ತೋಟದಲ್ಲಿ ಅವನ ಮೇಲೆ ಮೊದಲು ಬರುವ ಗುಮಾನಿ ಕುಡಿತದ್ದು, ಎರಡನೆಯದು ಹಣದ್ದು. ಮನೆಯಲ್ಲಿ ಹೆಂಡತಿ ಹೇಳುವುದು ಇಷ್ಟೇ: ‘ಯಾಕೋ ಮೊದಲಿನ ಹಾಗಿಲ್ಲ.’ ಹೊರರೋಗಿ ವಿಭಾಗದಲ್ಲಿ ವೈದ್ಯರು ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿದರೆ ಎಲ್ಲಕ್ಕೂ ಸರಿಯುತ್ತರ ಬರುತ್ತದೆ, ‘ಅರಿವು ಸಹಜ’ ಎಂದು ಚೀಟಿಯಲ್ಲಿ ದಾಖಲಾಗುತ್ತದೆ. ಹೆಂಡತಿಯ ಮಾತಿಗೆ ಆ ಚೀಟಿಯಲ್ಲಿ ಜಾಗವಿಲ್ಲ.

ಜಾಗವನ್ನೇ ಮುಖ್ಯವೆಂದು ನೋಡುವ ಕ್ರಮಕ್ಕೆ ಹಳೆಯ ಮತ್ತು ಗಟ್ಟಿಯಾದ ಬುನಾದಿಯಿದೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ‘ಟಾನ್’ ಎಂಬ ಉಚ್ಚಾರವನ್ನು ಬಿಟ್ಟು ಬೇರೇನನ್ನೂ ಆಡಲಾಗದಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಬದಿಯ ಮುಂಭಾಗದಲ್ಲಿ ಹಾನಿಯನ್ನು ಕಂಡರು. 1874ರಲ್ಲಿ ಕಾರ್ಲ್ ವೆರ್ನಿಕೆ, ಮಾತು ಅರ್ಥವಾಗದಿರುವ ತೊಂದರೆಯನ್ನು ಇನ್ನೊಂದು ಜಾಗಕ್ಕೆ ಹೊಂದಿಸಿದರು. ಶಸ್ತ್ರಚಿಕಿತ್ಸಕರಿಗೆ ಈ ನಕ್ಷೆ ಇಂದಿಗೂ ಬೇಕು. ಆದರೆ 1914ರಷ್ಟು ಹಿಂದೆಯೇ ಕಾನ್‌ಸ್ಟಾಂಟಿನ್ ಫಾನ್ ಮೊನಾಕೊವ್ ಎಂಬ ನರವಿಜ್ಞಾನಿ, ಒಂದು ಕಡೆ ಹಾನಿಯಾದಾಗ ಅದರೊಂದಿಗೆ ತಂತುಗಳ ಮೂಲಕ ಬೆಸೆದುಕೊಂಡಿರುವ ದೂರದ, ತಾನಾಗಿ ಆರೋಗ್ಯವಾಗಿರುವ ಭಾಗದ ಕೆಲಸವೂ ಕುಂದುತ್ತದೆ ಎಂದು ಪ್ರತಿಪಾದಿಸಿದ್ದರು. ಬದುಕಿರುವ ಮನುಷ್ಯನಲ್ಲಿ ಇದನ್ನು ತೋರಿಸುವ ಉಪಕರಣ ಆಗ ಇರಲಿಲ್ಲ.

ಉಪಕರಣ ಬಂದದ್ದು 1990ರ ದಶಕದಲ್ಲಿ. ರಕ್ತದಲ್ಲಿನ ಆಮ್ಲಜನಕದ ಏರಿಳಿತದಿಂದ ಮಿದುಳಿನ ಚಟುವಟಿಕೆಯನ್ನು ಪರೋಕ್ಷವಾಗಿ ಅಳೆಯುವ ಫಂಕ್ಷನಲ್ ಎಂಆರ್‌ಐ ಒಂದು. ಬಿಳಿ ದ್ರವ್ಯದ ನರತಂತುಗಳ ಉದ್ದಕ್ಕೆ ನೀರಿನ ಅಣುಗಳು ಚಲಿಸುವ ದಿಕ್ಕಿನಿಂದ ಆ ತಂತುಗಳ ಹಾದಿಯನ್ನು ಊಹಿಸುವ ಡಿಫ್ಯೂಷನ್ ಟೆನ್ಸರ್ ಚಿತ್ರಣ ಇನ್ನೊಂದು. 1995ರಲ್ಲಿ ಭಾರತ್ ಬಿಸ್ವಾಲ್ ಮತ್ತು ಸಂಗಡಿಗರು, ಕೈಯಾಡಿಸದೆ ಸುಮ್ಮನೆ ಮಲಗಿದ್ದವರಲ್ಲಿಯೂ ಎಡ ಮತ್ತು ಬಲಬದಿಯ ಚಲನಾ ಪ್ರದೇಶಗಳ ಸಂಕೇತಗಳು ಒಂದೇ ಲಯದಲ್ಲಿ ಏರಿಳಿಯುವುದನ್ನು ತೋರಿಸಿದರು. ದೂರದೂರದ ಎರಡು ಭಾಗಗಳು ಹೀಗೆ ಜೊತೆಯಾಗಿ ಏರಿಳಿಯುವುದನ್ನೇ ಕಾರ್ಯಾತ್ಮಕ ಸಂಪರ್ಕ ಎನ್ನುತ್ತಾರೆ. 2001ರಲ್ಲಿ ಮಾರ್ಕಸ್ ರೈಕಲ್ ಅವರ ತಂಡ, ಹೊರಗಿನ ಕೆಲಸವಿಲ್ಲದಿದ್ದಾಗ ಹೆಚ್ಚು ಸಕ್ರಿಯವಾಗಿರುವ ಭಾಗಗಳ ಗುಂಪೊಂದನ್ನು ವಿವರಿಸಿತು. ಗಮನವನ್ನು ಹಿಡಿದು ಹೊರಳಿಸುವ ಮುಂಭಾಗ ಮತ್ತು ಪಾರ್ಶ್ವಭಾಗಗಳ ಜಾಲವೂ ಹೀಗೆಯೇ ಗುರುತಾಯಿತು. ನಮ್ಮ ರೈಟರ್‌ಗೆ ಕೈಕೊಟ್ಟಿರುವುದು ಮುಖ್ಯವಾಗಿ ಈ ಕೊನೆಯ ಜಾಲ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬ ಅಂದಾಜಿದೆ. ಅವುಗಳ ನಡುವಿನ ಸಂಪರ್ಕಗಳಲ್ಲಿ ಬಹುಪಾಲು ನೆರೆಹೊರೆಯವು, ಕೆಲವಷ್ಟೇ ದೂರದವು. ಆ ದೂರದ ಸಂಪರ್ಕಗಳು ಹೆಚ್ಚಾಗಿ ಕೂಡುವ ಕೆಲವು ಕೇಂದ್ರಸ್ಥಾನಗಳಿದ್ದು, ಅಂಥ ಜಾಗಕ್ಕೆ ಬೀಳುವ ಸಣ್ಣ ಪೆಟ್ಟು ಅಂಚಿನಲ್ಲಿ ಬೀಳುವ ದೊಡ್ಡ ಪೆಟ್ಟಿಗಿಂತ ಹೆಚ್ಚು ಕೆಡಿಸಬಲ್ಲದು. ಈ ಭಾಗದವರಿಗೆ ಇದು ಹೊಸ ತರ್ಕವೇನಲ್ಲ. ಸಕಲೇಶಪುರದಾಚೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ತೊಂದರೆ ಕುಸಿದಲ್ಲಿಗೆ ಮುಗಿಯುವುದಿಲ್ಲ. ವಾಹನಗಳು ಚಾರ್ಮಾಡಿಗೆ ತಿರುಗುತ್ತವೆ, ಮಣ್ಣೇ ಕುಸಿಯದ ಕೊಟ್ಟಿಗೆಹಾರದಲ್ಲಿ ದಟ್ಟಣೆಯಾಗುತ್ತದೆ, ಚಾರ್ಮಾಡಿಯ ತಿರುವುಗಳು ತಾಳದ ಭಾರಿ ಲಾರಿಗಳು ಎಲ್ಲಿಗೂ ಹೋಗಲಾರದೆ ನಿಲ್ಲುತ್ತವೆ. ಬದಲಿ ದಾರಿ ಇದೆ ಎಂಬುದೂ ನಿಜ, ಅದು ಎಲ್ಲ ಹೊರೆಯನ್ನೂ ಹೊರುವುದಿಲ್ಲ ಎಂಬುದೂ ನಿಜ.

ಗಡ್ಡೆ ಈ ಸಂಪರ್ಕಗಳನ್ನು ಕೆಡಿಸುವ ಬಗೆ ಗಡ್ಡೆಯ ಜಾತಿಯನ್ನು ಅವಲಂಬಿಸಿದೆ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಬಹುತೇಕ ಕ್ಯಾನ್ಸರ್ ಅಲ್ಲ. ಅದು ಹೊರಗಿನಿಂದ ಒತ್ತುತ್ತದೆ, ತೆಗೆದ ಮೇಲೆ ಒತ್ತಡ ಇಳಿದು ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಗ್ಲಯೋಮಾ ಹಾಗಲ್ಲ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಜಾತಿಯ ಕೋಶಗಳನ್ನು ಹೋಲುವ ಈ ಗಡ್ಡೆ ಬಿಳಿ ದ್ರವ್ಯದ ತಂತುಗಳ ಗುಂಟ ನುಸುಳುತ್ತಾ ಹೋಗುತ್ತದೆ, ಕೆಲವೊಮ್ಮೆ ಎರಡು ಬದಿಗಳನ್ನು ಬೆಸೆಯುವ ಸೇತುವಿನ ಮೂಲಕ ಆಚೆ ಬದಿಗೂ ದಾಟುತ್ತದೆ. ಸ್ಕ್ಯಾನಿನಲ್ಲಿ ಕಾಣುವ ಅಂಚು ಅದರ ನಿಜವಾದ ಅಂಚಲ್ಲ. ಇದರ ಮೇಲೆ ಸುತ್ತಲಿನ ಊತ ಬೇರೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಕೆಲವೇ ದಿನಗಳಲ್ಲಿ ಮಂಕಾಗಿದ್ದ ರೋಗಿ ಚುರುಕಾಗುವುದನ್ನು ಕಂಡು ಮನೆಯವರು ಗಡ್ಡೆ ಕರಗಿತೆಂದು ತಿಳಿಯುವುದುಂಟು. ಇಳಿದಿರುವುದು ಊತ, ಗಡ್ಡೆಯಲ್ಲ. ಶ್ವಾಸಕೋಶ, ಸ್ತನ ಮುಂತಾದ ಕಡೆಯಿಂದ ಮಿದುಳಿಗೆ ಹರಡಿದ ಕ್ಯಾನ್ಸರ್‌ನಲ್ಲಿಯೂ ಊತದ ಪಾಲು ದೊಡ್ಡದು.

ಇಲ್ಲಿಯವರೆಗಿನ ಚಿತ್ರದಲ್ಲಿ ಜಾಲ ಪೆಟ್ಟು ತಿನ್ನುವುದು, ಗಡ್ಡೆ ಪೆಟ್ಟು ಕೊಡುವುದು. ಈ ಚಿತ್ರವನ್ನೇ ಅಲುಗಾಡಿಸಿದ ಕೆಲಸ 2015ರಿಂದೀಚಿನದು. ಆ ವರ್ಷ ಜರ್ಮನಿಯ ಹೈಡೆಲ್‌ಬರ್ಗ್‌ನ ಫ್ರಾಂಕ್ ವಿಂಕ್ಲರ್ ಅವರ ತಂಡ, ಗಡ್ಡೆಯ ಕೋಶಗಳು ಉದ್ದನೆಯ ಸೂಕ್ಷ್ಮ ನಾಳಗಳನ್ನು ಚಾಚಿ ತಮ್ಮತಮ್ಮೊಳಗೇ ಜಾಲವೊಂದನ್ನು ಕಟ್ಟಿಕೊಳ್ಳುತ್ತವೆ, ಹಾಗೆ ಬೆಸೆದುಕೊಂಡ ಕೋಶಗಳು ವಿಕಿರಣ ಚಿಕಿತ್ಸೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ ಎಂದು ತೋರಿಸಿತು. 2019ರಲ್ಲಿ ಅದೇ ಊರಿನ ಸಂಶೋಧಕರೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮಾಂಜೆ ಅವರ ತಂಡವೂ ಬೇರೆಬೇರೆಯಾಗಿ ಕಂಡುಕೊಂಡ ಸಂಗತಿ ಇನ್ನೂ ಅಚ್ಚರಿಯದು: ಆರೋಗ್ಯವಂತ ನರಕೋಶಗಳು ಗ್ಲಯೋಮಾ ಕೋಶಗಳ ಜೊತೆ ನಿಜವಾದ ನರಸಂಧಿಗಳನ್ನು, ಅಂದರೆ ಸಿನಾಪ್ಸ್‌ಗಳನ್ನು ಏರ್ಪಡಿಸಿಕೊಳ್ಳುತ್ತವೆ. ನಾವು ಯೋಚಿಸುವಾಗ, ಮಾತಾಡುವಾಗ ಹರಿಯುವ ವಿದ್ಯುತ್ ಸಂಕೇತ ಆ ಸಂಧಿಗಳ ಮೂಲಕ ಗಡ್ಡೆಗೂ ತಲುಪಿ ಅದರ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ಹಾಗೆಂದು ಹೆಚ್ಚು ಯೋಚಿಸಿದರೆ ಗಡ್ಡೆ ಬೆಳೆಯುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಂಥ ತೀರ್ಮಾನಕ್ಕೆ ಈ ಅಧ್ಯಯನಗಳಲ್ಲಿ ಆಧಾರವಿಲ್ಲ.

2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶಾನ್ ಹರ್ವಿ-ಜಂಪರ್ ಅವರ ಪ್ರಯೋಗಾಲಯದಿಂದ, ಸರಿತಾ ಕೃಷ್ಣ ಮೊದಲ ಲೇಖಕಿಯಾಗಿರುವ ಪ್ರಬಂಧ ಬಂತು. ಅತ್ಯಂತ ಆಕ್ರಮಣಕಾರಿಯಾದ ಗ್ಲಯೋಬ್ಲಾಸ್ಟೋಮಾ ಇರುವವರು ಎಚ್ಚರದಲ್ಲಿಯೇ ಶಸ್ತ್ರಚಿಕಿತ್ಸೆಗೆ ಒಳಗಾಗಿ ಚಿತ್ರಗಳನ್ನು ನೋಡಿ ಹೆಸರು ಹೇಳುತ್ತಿರುವಾಗ, ಗಡ್ಡೆ ನುಸುಳಿದ ಮಿದುಳ ಮೇಲ್ಮೈಯಿಂದ ವಿದ್ಯುತ್ ಸಂಕೇತಗಳನ್ನು ದಾಖಲಿಸಲಾಯಿತು. ಮಾತಿಗೆ ಸಾಮಾನ್ಯವಾಗಿ ಬಳಕೆಯಾಗುವ ಜಾಗವನ್ನೂ ಮೀರಿ, ಗಡ್ಡೆ ಇರುವ ಭಾಗವೂ ಆ ಕೆಲಸದಲ್ಲಿ ಎಚ್ಚೆತ್ತುಕೊಳ್ಳುತ್ತಿತ್ತು. ಎಚ್ಚೆತ್ತರೂ ಅದು ಆರೋಗ್ಯವಂತ ಭಾಗದಷ್ಟು ನಿಖರವಾಗಿ ಕೆಲಸ ಮಾಡುತ್ತಿರಲಿಲ್ಲ. ಮಿದುಳಿನ ಉಳಿದ ಭಾಗದೊಂದಿಗೆ ಯಾರ ಗಡ್ಡೆ ಹೆಚ್ಚು ಬೆಸೆದುಕೊಂಡಿತ್ತೋ ಅವರ ಭಾಷಾ ಸಾಮರ್ಥ್ಯವೂ ಕಡಿಮೆ, ಬದುಕುಳಿದ ಅವಧಿಯೂ ಕಡಿಮೆ. ಈ ಬೆಸುಗೆಗೆ ನೆರವಾಗುವ ಥ್ರಾಂಬೋಸ್ಪಾಂಡಿನ್-1 ಎಂಬ ಪ್ರೋಟೀನನ್ನು ತಂಡ ಗುರುತಿಸಿತು. ನರನೋವಿಗೆ ಮತ್ತು ಅಪಸ್ಮಾರಕ್ಕೆ ಬಹುಕಾಲದಿಂದ ಕೊಡುತ್ತಿರುವ ಗ್ಯಾಬಪೆಂಟಿನ್ ಮಾತ್ರೆಯು ಅದರ ಕೆಲಸಕ್ಕೆ ಅಡ್ಡಬಂದು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು. ಇಲಿಯಲ್ಲಿ ಕಂಡದ್ದು ಇನ್ನೂ ಮನುಷ್ಯನ ಚಿಕಿತ್ಸೆಯಾಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಓದಿ ಮೆಡಿಕಲ್ ಶಾಪಿನಿಂದ ಈ ಮಾತ್ರೆ ತಂದುಕೊಳ್ಳುವವರಿಗಾಗಿ ಈ ಸಾಲನ್ನು ಒತ್ತಿ ಬರೆಯಬೇಕಾಗಿದೆ.

ಈ ಅಧ್ಯಯನ ಇನ್ನೊಂದು ತಪ್ಪು ಎಣಿಕೆಯನ್ನೂ ಸರಿಪಡಿಸುತ್ತದೆ. ಸಂಪರ್ಕ ಹೆಚ್ಚಾದಷ್ಟೂ ಒಳ್ಳೆಯದು ಎಂದು ಸಾಮಾನ್ಯವಾಗಿ ಅನ್ನಿಸುತ್ತದೆ. ಗಡ್ಡೆಯಿರುವ ಮಿದುಳಿನಲ್ಲಿ ಕೆಲವು ಸಂಪರ್ಕಗಳು ಕುಗ್ಗಿದರೆ ಕೆಲವು ಅತಿಯಾಗಿ ಏರುತ್ತವೆ, ಈ ಅತಿಯಾದ ಏರಿಕೆ ಎಲ್ಲ ಸಲವೂ ಚೇತರಿಕೆಯ ಗುರುತಲ್ಲ. ಆಮ್‌ಸ್ಟರ್‌ಡಾಮ್‌ನ ಲಿಂಡಾ ಡೌ ಮತ್ತು ಸಹೋದ್ಯೋಗಿಗಳು ಮಿದುಳಿನ ಕಾಂತೀಯ ಸಂಕೇತಗಳನ್ನು ಅಳೆದು ನಡೆಸಿದ ಅಧ್ಯಯನಗಳಲ್ಲಿ, ನಿಧಾನಗತಿಯ ಗ್ಲಯೋಮಾ ಇರುವವರ ಕೆಲವು ಲಯಗಳಲ್ಲಿ ಸಂಪರ್ಕ ಹೆಚ್ಚಿರುವುದಕ್ಕೂ ಫಿಟ್ಸ್ ಬರುವುದಕ್ಕೂ ನಂಟು ಕಂಡಿತು. ಇಂಥವರಲ್ಲಿ ಎಷ್ಟೋ ಮಂದಿಗೆ ರೋಗದ ಮೊದಲ ಲಕ್ಷಣವೇ ಫಿಟ್ಸ್. ಫಿಟ್ಸ್ ಮತ್ತು ಅದಕ್ಕೆ ಕೊಡುವ ಮಾತ್ರೆಗಳು ಸೇರಿ ಅರಿವನ್ನು ಇನ್ನಷ್ಟು ಕುಗ್ಗಿಸುತ್ತವೆ. ಈಗ ಹೆಚ್ಚು ಬಳಕೆಯಲ್ಲಿರುವ ಲೆವೆಟಿರಾಸೆಟಮ್ ಕೆಲವರಲ್ಲಿ ವಿಪರೀತ ಸಿಡುಕು ತರುತ್ತದೆ. ‘ಆಪರೇಷನ್ ಆದಮೇಲೆ ಮುಟ್ಟಿದರೆ ಉರಿದುಬೀಳ್ತಾರೆ’ ಎಂದು ಮನೆಯವರು ಹೇಳಿದಾಗ ಅದು ಗಡ್ಡೆಯದೇ, ಮಾತ್ರೆಯದೇ, ಭಯದ್ದೇ ಎಂದು ಬಿಡಿಸಿ ನೋಡುವುದು ವೈದ್ಯರ ಕೆಲಸ. ಮಾತ್ರೆಯದಾದರೆ ಬದಲಿಸಲು ಸಾಧ್ಯವಿದೆ. ಸಿಡುಕಿಗಿಂತ ಸದ್ದಿಲ್ಲದ್ದು ನಿರಾಸಕ್ತಿ. ಎಲ್ಲ ತಿಳಿದಿದ್ದೂ ಏನನ್ನೂ ತಾನಾಗಿ ಆರಂಭಿಸದ ಸ್ಥಿತಿಯಲ್ಲಿ ಮನುಷ್ಯ ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ.

ಬೆಳವಣಿಗೆಯ ವೇಗವೂ ಲೆಕ್ಕಕ್ಕೆ ಬರುತ್ತದೆ. ಪಾರ್ಶ್ವವಾಯು ಒಂದೇ ಗಳಿಗೆಯಲ್ಲಿ ಹೊಡೆಯುತ್ತದೆ. ನಿಧಾನಗತಿಯ ಗಡ್ಡೆ ವರ್ಷಗಟ್ಟಲೆ ಸಮಯ ಕೊಡುತ್ತದೆ, ಆ ಸಮಯದಲ್ಲಿ ಮಿದುಳು ಸುತ್ತಲಿನ ಹಾಗೂ ಎದುರು ಬದಿಯ ಭಾಗಗಳಿಗೆ ಕೆಲಸ ಹಂಚಿಕೊಳ್ಳುತ್ತದೆ. ನಿಂಬೆಹಣ್ಣಿನ ಗಾತ್ರದ ಗಡ್ಡೆಯಿದ್ದೂ ಒಬ್ಬರು ಶಾಲೆಯಲ್ಲಿ ಪಾಠ ಮಾಡುತ್ತಿರುವುದು ಸಾಧ್ಯವಾಗುವುದು ಹೀಗೆ. ಫ್ರಾನ್ಸಿನ ಮೊಂಪೆಲಿಯೆಯ ಶಸ್ತ್ರಚಿಕಿತ್ಸಕ ಯುಗ್ ದುಫೋ ಈ ಮರುಹೊಂದಾಣಿಕೆಯನ್ನೇ ನೆಚ್ಚಿಕೊಂಡು, ರೋಗಿಯನ್ನು ಎಚ್ಚರವಾಗಿಟ್ಟು, ಮಿದುಳಿಗೆ ಲಘು ವಿದ್ಯುತ್ ಪ್ರಚೋದನೆ ಕೊಡುತ್ತಾ ಗಡ್ಡೆ ತೆಗೆಯುವ ಕ್ರಮವನ್ನು ಬೆಳೆಸಿದರು. ಅವರ ಅನುಭವದ ಸಾರವೆಂದರೆ, ಮೇಲ್ಮೈಯ ಬೂದು ದ್ರವ್ಯ ಸಾಕಷ್ಟು ಮಟ್ಟಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಕೆಳಗಿನ ದೊಡ್ಡ ತಂತುಮಾರ್ಗಗಳನ್ನು ಕತ್ತರಿಸಿದರೆ ಮಾತ್ರ ಬದಲಿ ಸಿಗುವುದು ಕಷ್ಟ.

ಎಚ್ಚರದ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದು ಮಲೆನಾಡಿನ ಮಟ್ಟಿಗೆ ಹಗುರವಾದ ಪ್ರಶ್ನೆಯಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಪೇಟೆಯಲ್ಲಿ ಕನ್ನಡ, ಲೈನ್ ಮನೆಗಳ ಆಳುಗಳೊಂದಿಗೆ ತಮಿಳು, ಈಚೆಗೆ ಅಸ್ಸಾಮಿನಿಂದ ಬಂದವರೊಂದಿಗೆ ಮುರುಕು ಹಿಂದಿ ಆಡುವವರು ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬೇಕಾದಷ್ಟು ಜನ. ಬಹುಭಾಷಿಕರಲ್ಲಿ ಎಲ್ಲ ಭಾಷೆಗಳೂ ಬಹುಪಾಲು ಒಂದೇ ಜಾಲವನ್ನು ಹಂಚಿಕೊಂಡರೂ, ಕೆಲವು ಬಿಂದುಗಳು ಒಂದು ಭಾಷೆಗೆ ಮಾತ್ರ ಸ್ಪಂದಿಸುವುದು ವಿದ್ಯುತ್ ಪ್ರಚೋದನೆಯ ಅಧ್ಯಯನಗಳಲ್ಲಿ ಕಂಡಿದೆ. ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಮನೆಮಾತಿಗೆ ಧಕ್ಕೆಯಾಗಿರುವುದು ಮನೆಗೆ ಬಂದ ಮೇಲಷ್ಟೇ ತಿಳಿಯಬಹುದು. ಮೊದಲ ಭೇಟಿಯಲ್ಲಿಯೇ ‘ಮನೆಯಲ್ಲಿ ಯಾವ ಮಾತು’ ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.

ವಿಕಿರಣದ ಬಗ್ಗೆ ಒಂದೆರಡು ಮಾತು ಸಾಕು. ಅದು ಆಯುಷ್ಯವನ್ನು ಹೆಚ್ಚಿಸುತ್ತದೆ. ಗ್ಲಯೋಬ್ಲಾಸ್ಟೋಮಾದಲ್ಲಿ ವಿಕಿರಣದ ಜೊತೆ ಟೆಮೊಜೋಲೊಮೈಡ್ ಎಂಬ ಕ್ಯಾನ್ಸರ್ ಔಷಧ ಸೇರಿಸಿದಾಗ ಬದುಕುಳಿಯುವ ಮಧ್ಯಕ ಅವಧಿ 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿದ್ದು 2005ರಲ್ಲಿ ಸಾಬೀತಾಯಿತು. ಆದರೆ ಹೆಚ್ಚು ಕಾಲ ಬದುಕುವವರಲ್ಲಿ ವಿಕಿರಣವೇ ಬಿಳಿ ದ್ರವ್ಯವನ್ನು ನಿಧಾನವಾಗಿ ಸವೆಸುತ್ತದೆ. ಇಡೀ ಮಿದುಳಿಗೆ ವಿಕಿರಣ ಕೊಡಬೇಕಾದಾಗ ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವನ್ನು ತಪ್ಪಿಸಿ ಕೊಟ್ಟರೆ ಅರಿವಿನ ನಷ್ಟ ಕಡಿಮೆ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಐಡಿಎಚ್ ಎಂಬ ವಂಶವಾಹಿಯಲ್ಲಿ ಬದಲಾವಣೆಯಿರುವ ನಿಧಾನಗತಿಯ ಗ್ಲಯೋಮಾಗಳಿಗೆ ವೊರಾಸಿಡೆನಿಬ್ ಎಂಬ ಮಾತ್ರೆಯನ್ನು ಅಮೆರಿಕ 2024ರಲ್ಲಿ ಅನುಮೋದಿಸಿತು. ವಿಕಿರಣವನ್ನು ಮುಂದೂಡಬಹುದೆಂಬುದೇ ಅದರ ದೊಡ್ಡ ಆಕರ್ಷಣೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಬಣ್ಣಬಣ್ಣದ ತಂತುಗಳ ಚಿತ್ರ ತೋರಿಸಿ ‘ನಿಮ್ಮ ಮಿದುಳಿನ ನಕ್ಷೆ’ ಎಂದರೆ ಯಾರಾದರೂ ಮಾರುಹೋಗುತ್ತಾರೆ. ಗಡ್ಡೆಯ ಸಮೀಪ ರಕ್ತನಾಳಗಳ ಸ್ಪಂದನವೇ ಕೆಟ್ಟಿರುವುದರಿಂದ, ಅಲ್ಲಿ ನರಕೋಶಗಳು ಕೆಲಸ ಮಾಡುತ್ತಿದ್ದರೂ ಫಂಕ್ಷನಲ್ ಎಂಆರ್‌ಐ ಅದನ್ನು ಹಿಡಿಯದೆ ಹೋಗಬಹುದು. ಊತವಿರುವ ಕಡೆ ನೀರಿನಂಶ ಹೆಚ್ಚಿದ್ದು, ಇರುವ ತಂತುಗಳೂ ಇಲ್ಲವೆಂಬಂತೆ ತೋರಬಹುದು. ಜೊತೆಗೆ ಜಾಲ ಅಧ್ಯಯನಗಳ ಫಲಿತಾಂಶಗಳು ಬಹುತೇಕ ಗುಂಪಿನ ಸರಾಸರಿಗಳು. ಎದುರಿಗೆ ಕುಳಿತ ಒಬ್ಬ ರೋಗಿಯ ಮುಂದಿನ ಅರಿವನ್ನು ಅವುಗಳಿಂದ ನುಡಿಯಲು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಗಳ ರೋಗಿಗೆ ಈಗ ಹೆಚ್ಚು ಉಪಯೋಗವಾಗುವುದು ಮತ್ತೊಂದು ದುಬಾರಿ ಸ್ಕ್ಯಾನ್ ಅಲ್ಲ, ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ನಂತರ ಕಾಗದ, ಪೆನ್ನು, ಗಡಿಯಾರ ಇಟ್ಟುಕೊಂಡು ಮಾಡುವ ಅರಿವಿನ ಪರೀಕ್ಷೆ. ಜಾಲ ಕೆಟ್ಟಿದೆಯೇ ಎಂಬುದನ್ನು ಅದು ಚಿತ್ರದಲ್ಲಿ ತೋರಿಸುವುದಿಲ್ಲ, ವರ್ತನೆಯಲ್ಲಿ ತೋರಿಸುತ್ತದೆ.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಚಿಕ್ಕಮಗಳೂರಿಗೂ ಈಚೆಗೆ ಬಂದಿದೆ. ಗಡ್ಡೆ ಪತ್ತೆಯಾದವರು ಹೆಚ್ಚಾಗಿ ಹಾಸನದಿಂದ ಸುಮಾರು 185 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುತ್ತಾರೆ, ಇಲ್ಲವೇ ಘಾಟಿ ಇಳಿದು ಮಂಗಳೂರು, ಮಣಿಪಾಲ ಸೇರುತ್ತಾರೆ. ಭಾರತೀಯ ಜನಸಂಖ್ಯೆಗೆ ಹೊಂದುವ ನರಮನೋವೈಜ್ಞಾನಿಕ ಪರೀಕ್ಷಾ ಸರಣಿಯೊಂದನ್ನು ನಿಮ್ಹಾನ್ಸ್ 2004ರಲ್ಲಿಯೇ ರೂಪಿಸಿತು. ವಯಸ್ಸು, ಲಿಂಗ, ಓದಿಗೆ ತಕ್ಕಂತೆ ಅದರ ಮಾನಗಳಿವೆ. ಓದಿನ ಮಟ್ಟವನ್ನು ಗಣನೆಗೆ ತೆಗೆದುಕೊಳ್ಳುವುದು ಸಣ್ಣ ಮಾತಲ್ಲ, ಏಕೆಂದರೆ ಶಾಲೆಗೇ ಹೋಗದ ಕೂಲಿ ಹೆಂಗಸಿಗೆ ನೂರರಿಂದ ಏಳೇಳು ಕಳೆಯಿರಿ ಎಂದು ಹೇಳಿ ಅವಳ ಅರಿವು ಕುಂದಿದೆ ಎಂದು ಬರೆಯುವುದು ಅನ್ಯಾಯ. ಅವಳು ಕೊಯ್ದ ಹಣ್ಣಿನ ಕಿಲೋ ಲೆಕ್ಕವನ್ನು ಕೇಳಿದರೆ ನಿಜ ತಿಳಿಯುತ್ತದೆ. ಇಂಥ ಪರೀಕ್ಷೆ ಪೂರ್ಣವಾಗಿ ಮಾಡಲು ಗಂಟೆಗಳೇ ಬೇಕು, ತರಬೇತಿ ಪಡೆದವರು ಬೇಕು. ಆದ್ದರಿಂದ ಅದು ದೊಡ್ಡ ಆಸ್ಪತ್ರೆಗಳ ಆಚೆ ಹೆಚ್ಚು ಹರಡಿಲ್ಲ.

2025ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ರಾಜ್ಯದ ಸುದ್ದಿಯಾದಾಗ ಜನ ಇಸಿಜಿಗಾಗಿ ಆಸ್ಪತ್ರೆಗಳಿಗೆ ಮುಗಿಬಿದ್ದರು, ಸರ್ಕಾರ ಸಮಿತಿ ನೇಮಿಸಿತು. ಹೃದಯಕ್ಕೆ ಸಿಕ್ಕ ಆ ಗಮನದ ಒಂದು ಪಾಲು ಮಿದುಳಿಗೂ ಸಿಕ್ಕಿದ್ದರೆ ಚೆನ್ನಾಗಿತ್ತು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಮೂರು ಜಿಲ್ಲೆಗಳಿಂದ ಶುರುವಾಗಿ ಬೆಳೆದಿದೆ. ಅದರ ಗಮನ ಪಾರ್ಶ್ವವಾಯು, ಅಪಸ್ಮಾರ, ತಲೆನೋವು, ಮರೆವಿನ ಕಾಯಿಲೆಗಳ ಮೇಲೆ. ಗಡ್ಡೆಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರ ಅರಿವನ್ನು ಆರು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಅದೇ ಚೌಕಟ್ಟಿನಲ್ಲಿ ಸೇರಿಸಲು ಹೊಸ ಕಟ್ಟಡ ಬೇಕಿಲ್ಲ. ರೋಗಿ ಬೆಂಗಳೂರಿಗೆ ಹೋಗುವ ಮೊದಲೇ ಜಿಲ್ಲಾಸ್ಪತ್ರೆಯಲ್ಲಿ ಅರ್ಧ ಗಂಟೆಯ ಪರೀಕ್ಷೆಯೊಂದನ್ನು ಮಾಡಿ ದಾಖಲಿಸಿದರೆ, ನಂತರ ಏನು ಕೆಟ್ಟಿತು, ಏನು ಮೊದಲೇ ಕೆಟ್ಟಿತ್ತು ಎಂಬುದಕ್ಕೆ ಆಧಾರವಿರುತ್ತದೆ. ಮೊದಲಿನ ದಾಖಲೆ ಇಲ್ಲದಿದ್ದರೆ ಎಲ್ಲ ತೊಂದರೆಯೂ ‘ಆಪರೇಷನ್‌ನಿಂದ ಆದದ್ದು’ ಎಂಬ ಖಾತೆಗೆ ಹೋಗುತ್ತದೆ, ಇಲ್ಲವೇ ಯಾವ ಖಾತೆಗೂ ಹೋಗುವುದಿಲ್ಲ.

ಕೆಲಸಕ್ಕೆ ಮರಳುವ ತೀರ್ಮಾನಕ್ಕೂ ಆ ದಾಖಲೆ ಬೇಕು. ಗಮನ ಹೊರಳಿಸುವ ಶಕ್ತಿ ಕುಗ್ಗಿದವರಿಗೆ ಪುನರ್ವಸತಿಯಲ್ಲಿ ಕಲಿಸುವುದು ಬಹಳ ಸರಳ ಉಪಾಯಗಳನ್ನು: ಒಂದು ಹೊತ್ತಿಗೆ ಒಂದೇ ಕೆಲಸ, ಆಗಿಂದಾಗ್ಗೆ ಬರೆದಿಡುವ ಅಭ್ಯಾಸ, ಸದ್ದುಗದ್ದಲದಿಂದ ದೂರದ ಜಾಗ, ದಣಿವಾಗುವ ಮೊದಲೇ ವಿರಾಮ. ರೈಟರ್‌ಗೆ ತೂಕದ ಹೊತ್ತಿನಲ್ಲಿ ಫೋನ್ ಎತ್ತದಿರಲು ಅನುಮತಿ ಕೊಟ್ಟು, ಬಟವಾಡೆಯ ಲೆಕ್ಕವನ್ನು ಇನ್ನೊಬ್ಬರಿಂದ ಒಮ್ಮೆ ನೋಡಿಸಿದರೆ ಅವನ ಕೆಲಸ ಉಳಿಯುವ ಸಾಧ್ಯತೆಯಿದೆ. ಫಿಟ್ಸ್ ಇನ್ನೂ ಹತೋಟಿಗೆ ಬಾರದವನನ್ನು ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರದ ಏಣಿ ಹತ್ತಿಸುವುದು, ಪಲ್ಪರ್ ಪಕ್ಕ ಒಬ್ಬನೇ ನಿಲ್ಲಿಸುವುದು, ಚಾರ್ಮಾಡಿಯಲ್ಲಿ ಪಿಕಪ್ ಓಡಿಸಲು ಬಿಡುವುದು ಮಾತ್ರ ಸಲ್ಲದು. ಎಷ್ಟು ತಿಂಗಳು ಫಿಟ್ಸ್ ಇಲ್ಲದಿದ್ದರೆ ಸ್ಟಿಯರಿಂಗ್ ಹಿಡಿಯಬಹುದು ಎಂಬುದನ್ನು ನರರೋಗ ತಜ್ಞರೇ ಹೇಳಬೇಕು. ಅವರು ತಾವಾಗಿ ಹೇಳದಿದ್ದರೆ, ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಮನೆಯವರು ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು.